ವಸಂತಪುರದಲ್ಲಿ ಮೊದಲ ಮನೆ

ಹೊಸ ಬಡಾವಣೆಯಲ್ಲಿ ಎಲ್ಲರಿಗಿಂತ ಮೊದಲು ಮನೆ ಕಟ್ಟಿದವರಿಗೆ ಇಂಥ ಫಜೀತಿಗಳು ತಪ್ಪುವುದಿಲ್ಲ. ವಸಂತಪುರದ ನಮ್ಮ ಬೀದಿಯಲ್ಲಿ ಈಗ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಲ್ಲಿದ್ದದ್ದು ಒಂದೇ ಮನೆ, ನಮ್ಮದು. ಸುತ್ತಲೂ ಸೈಟಿನ ಕಲ್ಲುಗಳು, ಮೊಣಕಾಲೆತ್ತರದ ಹುಲ್ಲು. ಜಯನಗರದ ಬಾಡಿಗೆ ಮನೆ ಬಿಟ್ಟು ಬಂದದ್ದು ಅಮ್ಮನ ಹಟಕ್ಕೆ. ಅಪ್ಪ ಮೊದಲ ದಿನವೇ ಹೇಳಿದ್ದರು: "ಒಂದು ವರ್ಷ ನೋಡ್ತೀನಿ. ಅಷ್ಟರಲ್ಲಿ ಪಕ್ಕದಲ್ಲಿ ಯಾರೂ ಬರದಿದ್ರೆ ವಾಪಸ್ ಜಯನಗರ."

ಆಟೋ

ಬನಶಂಕರಿಯಿಂದ ಯಾವ ಆಟೋದವರೂ ಬರುತ್ತಿರಲಿಲ್ಲ. ಒಬ್ಬರನ್ನು ಅಮ್ಮ ಹೇಗೋ ಒಪ್ಪಿಸಿದಳು. ದಾರಿಯುದ್ದಕ್ಕೂ ಅವರದು ಒಂದೇ ರಾಗ: "ವಾಪಸ್ ಹೋಗೋಕೆ ನನಗ್ಯಾರು ಸಿಕ್ತಾರೆ ಮೇಡಂ, ಇಲ್ಲಿ ಕಾಗೆನೂ ಇಲ್ಲ."

ಮನೆ ಮುಂದೆ ಇಳಿದು ಅಮ್ಮ ಚೀಲ ನೋಡಿದಳು. ಮತ್ತೆ ಹತ್ತಿ ಕುಳಿತಳು.

"ನಡೀರಿ. ಹಾಲು ಮರೆತಿದ್ದೀನಿ."

ಎಮ್ಮೆ

ನಮ್ಮ ಸೈಟು ಮೊದಲು ರಾಗಿ ಹೊಲ. ಅದನ್ನು ಮಾರಿದ ಊರಿನ ಯಜಮಾನರ ಎಮ್ಮೆ ದಿನಾ ಬಂದು ಗೇಟಿಗೆ ಅಡ್ಡ ಮಲಗುತ್ತಿತ್ತು. ಅಪ್ಪ ಆಫೀಸಿಗೆ ಕಾಂಪೌಂಡ್ ಹಾರಿ ಹೋಗಬೇಕು. ಅಮ್ಮ ಅವರಿಗೇ ದೂರು ಹೇಳಿದಳು.

ಯಜಮಾನರು ಎಮ್ಮೆಯ ಬೆನ್ನು ಸವರುತ್ತ ಹೇಳಿದರು: "ತಪ್ಪು ನಂದೇ ಅಕ್ಕ. ರಿಜಿಸ್ಟ್ರೇಷನ್ ದಿನ ಅದನ್ನ ಕರ್ಕೊಂಡು ಹೋಗ್ಲಿಲ್ಲ."

ಅರಿಶಿನ ಕುಂಕುಮ

ವರ್ಷ ತುಂಬಲು ಎರಡೇ ವಾರ ಉಳಿದಿತ್ತು. ಪಕ್ಕದ ಸೈಟಿನಲ್ಲಿ ಹುಲ್ಲು ಮಾತ್ರ ಬೆಳೆದಿತ್ತು. ಅಪ್ಪ ಜಯನಗರದಲ್ಲಿ ಮನೆ ಹುಡುಕತೊಡಗಿದ್ದರು.

ಅಂದು ವರಮಹಾಲಕ್ಷ್ಮಿ ಹಬ್ಬ. ಕರೆದು ಕುಂಕುಮ ಕೊಡಲು ಬೀದಿಯಲ್ಲಿ ಒಬ್ಬ ಮುತ್ತೈದೆಯೂ ಇಲ್ಲ. ಅಮ್ಮ ತಟ್ಟೆ ಹಿಡಿದು ಗೇಟಿನಲ್ಲೇ ನಿಂತಿದ್ದಳು. ಸಂಜೆ ಪಕ್ಕದ ಸೈಟು ನೋಡಲು ಸ್ಕೂಟರಿನಲ್ಲಿ ಗಂಡ ಹೆಂಡತಿ ಬಂದರು. ಅಮ್ಮ ಹೆಸರೂ ಕೇಳದೆ ಆಕೆಯನ್ನು ಒಳಗೆ ಕರೆದೊಯ್ದಳು.

ಹೊರಗೆ ಆತ ಅಳತೆ ಟೇಪು ಬಿಚ್ಚುತ್ತ ಅಪ್ಪನನ್ನು ಕೇಳಿದರು: "ಜಾಗ ಹೇಗೆ ಸಾರ್?"

ಅಪ್ಪನಿಗೆ ಸುಳ್ಳು ಬರುವುದಿಲ್ಲ. "ನೀರು ಟ್ಯಾಂಕರ್ ಬಂದ್ರೆ ಉಂಟು. ಕರೆಂಟು ಅದರಿಷ್ಟ. ಬಸ್ಸು ಎರಡು ಕಿಲೋಮೀಟರ್ ದೂರ."

ಆತ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಆಕೆ ಸೆರಗಿನಲ್ಲಿ ತೆಂಗಿನಕಾಯಿ, ತಾಂಬೂಲ ಹಿಡಿದು ಹೊರಗೆ ಬಂದರು. "ರೀ, ಇಲ್ಲೇ ಕಟ್ಟೋಣ."

"ಬಸ್ಸೇ ಇಲ್ವಂತೆ ಕಣೆ!"

"ಗೊತ್ತು. ಅದಕ್ಕೇ ಗೃಹಪ್ರವೇಶ ಆದ್ಮೇಲೆ ಇವರ ಮನೆಯವರ ಅಕ್ಕಂದಿರು ಒಬ್ಬರೂ ಈ ಕಡೆ ತಲೆ ಹಾಕಿಲ್ವಂತೆ."

ಅಪ್ಪ ಬಾಗಿಲಿಗೆ ಬಂದಿದ್ದ ಅಮ್ಮನ ಕಡೆ ತಿರುಗಿದರು. ಅಮ್ಮ ದೊನ್ನೆಗೆ ಕೋಸಂಬರಿ ಹಾಕುವುದರಲ್ಲಿ ಮುಳುಗಿದ್ದಳು.

ಆತ ಖಾಲಿ ರಸ್ತೆಯ ಕಡೆ ತಿರುಗಿದರು.

"ನಿನ್ನ ತಮ್ಮಂದಿರೂ ಬರಲ್ವಾ?" ಎಂದು ಕೇಳಿ, ಟೇಪನ್ನು ಮತ್ತೆ ಹೊರಗೆ ತೆಗೆದರು.