ಬಾದಾಮಿಯಲ್ಲೊಂದು ಫ್ರೆಂಚ್ ಖೋಲಿ

ಎಲ್ಲಕ್ಕೂ ಕಾರಣ ಲಾಡ್ಜಿನಲ್ಲಿ ಉಳಿದುಹೋದ ಒಂದು ಪುಸ್ತಕ. ಗುಹೆ ನೋಡಲು ಬಾದಾಮಿಗೆ ಬಂದಿದ್ದ ಫ್ರೆಂಚ್ ಹೆಣ್ಣುಮಗಳೊಬ್ಬಳು ಬಣ್ಣದ ಚಿತ್ರಗಳ ಆ ಮಾಸಿಕವನ್ನು ದಿಂಬಿನ ಕೆಳಗೇ ಮರೆತು ಹೋಗಿದ್ದಳು. ಲಾಡ್ಜಿನ ಮ್ಯಾನೇಜರ್ ಕಾಶಪ್ಪ ಅದನ್ನು ಮನೆಗೆ ತಂದ. ಒಳಗೊಂದು ಚಿತ್ರ: ಫ್ರಾನ್ಸಿನ ಹಳ್ಳಿಮನೆಯಲ್ಲಿ ಮಗುವಿನ ಖೋಲಿ. ಮಾಸಿದ ನೀಲಿ ಗೋಡೆ, ಅಲ್ಲಲ್ಲಿ ಬಣ್ಣ ಎದ್ದ ಬಿಳಿ ಮಂಚ, ಕಿಟಕಿಗೆ ಸಣ್ಣ ಹೂವಿನ ಚೀಟಿಬಟ್ಟೆಯ ಪರದೆ, ಗೂಟಕ್ಕೆ ತಲೆಕೆಳಗಾಗಿ ಕಟ್ಟಿದ ಒಣಹೂವು. ಕಾಶಪ್ಪ ನೋಡಿದ್ದೇ ಸೋತುಹೋದ.

ಅದೇ ವಾರ ಹುನಗುಂದದಿಂದ ಅತ್ತೆ ಶಿವಬಸವ್ವ ಹೇಳಿ ಕಳಿಸಿದ್ದಳು. "ನಿಮ್ಮ ಮನ್ಯಾಗ ಕೂಸಿಗೆ ಮಲಗಾಕ ಸೈತ ಒಂದು ಜಾಗಾ ಇಲ್ಲ. ಮಮ್ಮಗಳನ್ನ ನಾ ಕರಕೊಂಡು ಹೋಗಿ ಅಲ್ಲೇ ಸಾಲಿಗೆ ಹಚ್ತೇನಿ."

ಕೂಸು ಅಂದರೆ ನೀಲಾ, ಕಾಶಪ್ಪನ ಆರು ವರ್ಷದ ಒಬ್ಬಳೇ ಮಗಳು. ಅವಳು ಎದುರಿಗಿಲ್ಲದಿದ್ದರೆ ಅವನಿಗೆ ತುತ್ತು ಇಳಿಯುವುದಿಲ್ಲ.

"ಜಾಗಾ ಇಲ್ಲಂತ? ತೋರಸ್ತೇನಿ ಜಾಗಾ," ಎಂದು ಜೋಳದ ಚೀಲ ತುಂಬಿದ್ದ ಖೋಲಿಯನ್ನು ಖಾಲಿ ಮಾಡಿದ. ಗೋಡೆಗೆ ನೀಲಿ ಬಳಿದು, ಒದ್ದೆ ಅರಿವೆಯಿಂದ ಒರೆಸಿ ಒರೆಸಿ ಅದನ್ನು ಮಾಸಲು ಮಾಡಿದ. ಪಕ್ಕದ ಮನೆಯ ಬಡಿಗೇರ ಕಾಳಪ್ಪ ಹೊಸ ಮಂಚ ಮಾಡಿ ಬಿಳಿ ಬಣ್ಣ ಹಚ್ಚಿಕೊಟ್ಟ. ಅತ್ತೆ ಬರುವ ದಿನ ಬೆಳಿಗ್ಗೆ ಕಾಶಪ್ಪ ಚಾಕು ತೆಗೆದುಕೊಂಡು ಆ ಬಣ್ಣವನ್ನು ಕೆರೆಯುತ್ತ ಕೂತ. ನೀಲಾ ಚಮಚೆ ಹಿಡಿದು ಖುಷಿಯಿಂದ ಮಂಚದ ಇನ್ನೊಂದು ಕಾಲು ಕೆರೆಯುತ್ತಿದ್ದಳು.

ಕಾಳಪ್ಪ ಕಿಟಕಿಯಲ್ಲಿ ಇಣುಕಿದ. "ಲೇ ಕಾಶ್ಯಾ, ಏನ್ ಮಾಡಾಕತ್ತೀಲೇ?"

"ಹಳೇದು ಮಾಡಾಕತ್ತೇನಿ."

"ಹೊಸಾ ಮಂಚಾನ?"

"ಫ್ರಾನ್ಸಿನ್ಯಾಗ ಹಿಂಗ ಇರತೈತಿ."

"ಯಾಕ, ಫ್ರಾನ್ಸಿನ್ಯಾಗ ಬಡಿಗ್ಯಾರು ಇಲ್ಲೇನು?"

ಎದುರುಮನೆಯ ಬಾನುಬಿಗೆ ಗೂಟಕ್ಕೆ ಕಟ್ಟಿದ್ದ ಒಣಹೂವಿನ ಚಿಂತೆ. "ಕೂಸು ಮಲಗೂ ಖೋಲ್ಯಾಗ ಬಾಡಿದ ಹೂ ಯಾಕಪ್ಪಾ? ನಮ್ಮ ಬಳ್ಳಿತುಂಬ ಮಲ್ಲಿಗಿ ಐತಿ, ಬೇಕಾದಷ್ಟು ಒಯ್ಯಿ."

"ಹಸೀ ಹೂ ನಡ್ಯಾಂಗಿಲ್ಲ ಚಾಚಿ."

ಹೆಂಡತಿ ಬನಶಂಕರಿ ಬಾಗಿಲಲ್ಲಿ ನಿಂತು ಅಳುವುದೊಂದೇ ಬಾಕಿ. "ನಮ್ಮವ್ವ ಇದನ್ನ ನೋಡಿದ್ರ ಕೂಸಿನ್ನಷ್ಟ ಅಲ್ರಿ, ನನ್ನೂ ಕರಕೊಂಡು ಹೋಗ್ತಾಳ."

"ಯಾರೂ ಎಲ್ಲಿಗೂ ಹೋಗೂದಿಲ್ಲ. ನನ್ನ ಮಗಳು, ನನ್ನ ಮನಿ, ನನ್ನ ಗ್ವಾಡಿ. ಖೋಲಿ ಹಿಂಗ ಇರತೈತಿ."

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಗೋಡೆಗೆ ಯಾವ ಬಣ್ಣವೆಂದು ಓಣಿಯೇ ಕೂತು ಗೊತ್ತುಮಾಡುವುದಾದರೆ ಮನೆಗೊಬ್ಬ ಯಜಮಾನನಾದರೂ ಯಾತಕ್ಕೆ ಬೇಕು? ಇದ್ದವರೆಲ್ಲ ಬುದ್ಧಿ ಹೇಳುವವರೇ, ಆ ಚಿತ್ರವನ್ನು ಒಮ್ಮೆ ಸರಿಯಾಗಿ ನೋಡಿದವರು ಒಬ್ಬರೂ ಇಲ್ಲ. ಕಾಶಪ್ಪ ಕೊನೆಯ ಕಾಲನ್ನೂ ಕೆರೆದು ಮುಗಿಸಿ, ನೀಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಹುನಗುಂದದ ಬಸ್ಸು ಎಂದಿನಂತೆ ತಡ. ಶಿವಬಸವ್ವ ರೊಟ್ಟಿಗಂಟು, ಕೈಚೀಲ ಹಿಡಿದು ಇಳಿಯುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ದಾರಿಯುದ್ದಕ್ಕೂ ಕಾಶಪ್ಪ ಎದೆಯುಬ್ಬಿಸಿಕೊಂಡೇ ಬಂದ. ಖೋಲಿಯ ಬಾಗಿಲು ತಳ್ಳಿದವನು ಅಲ್ಲೇ ನಿಂತ.

ಮಾಸಿದ ಗೋಡೆ ಹೊಸ ಸುಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಅವನ ಮಂಚ ಮಾಯವಾಗಿ, ಕಾಳಪ್ಪ ಯಾರೋ ಗಿರಾಕಿಗೆಂದು ಮಾಡಿಟ್ಟಿದ್ದ ಸಾಗುವಾನಿ ಮಂಚ ಬಂದು ಕೂತಿತ್ತು. ಕಿಟಕಿಗೆ ಬಾನುಬಿಯ ನವಿಲಿನ ಪರದೆ, ಗೂಟಕ್ಕೆ ಮಲ್ಲಿಗೆಯ ಮಾಲೆ. ಮೀಸೆಯೆಲ್ಲ ಸುಣ್ಣವಾಗಿದ್ದ ಕಾಳಪ್ಪ ಕಿವಿಯಲ್ಲಿ ಉಸುರಿದ. "ಬೀಗರ ಮುಂದ ಓಣಿ ಮರ್ಯಾದಿ ಪ್ರಶ್ನೆ ಲೇ. ಸುಮ್ಮನಿರು."

ಕಾಶಪ್ಪ ಸಿಟ್ಟಿನಿಂದ ಅವನನ್ನು ಮೊಣಕೈಯಲ್ಲಿ ತಿವಿದ. ಶಿವಬಸವ್ವ ಮಂಚ ಅಲುಗಾಡಿಸಿ ನೋಡಿದಳು, ಪರದೆ ಸವರಿದಳು, ಮಲ್ಲಿಗೆ ಮೂಸಿದಳು.

"ಅಳಿಯಂದಿರ, ನಂದು ತಪ್ಪಾತು. ಇಂಥಾ ಖೋಲಿ ಬಿಟ್ಟು ಕೂಸು ಹುನಗುಂದಕ್ಕ ಯಾಕ ಬರಬೇಕು? ಇಲ್ಲೇ ಇರಲಿ."

ಬನಶಂಕರಿ ಕಣ್ಣೊರೆಸಿಕೊಂಡಳು. ಕಾಶಪ್ಪನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಮಗಳು ಉಳಿದಳಲ್ಲ, ಗೋಡೆ ಹಾಳಾಗಿ ಹೋಗಲಿ ಎಂದುಕೊಂಡ. ಅಷ್ಟರಲ್ಲಿ ಅತ್ತೆ ಕೈಚೀಲವನ್ನು ಗೂಟಕ್ಕೆ ತೂಗುಹಾಕಿ ಮಂಚದ ಮೇಲೆ ಕಾಲು ಮಡಿಚಿ ಕೂತಳು.

"ನನಗೂ ಅಲ್ಲಿ ಸೊಸಿ ಕೂಡ ಜಗಳಾಡಿ ಸಾಕಾಗೇತಿ. ಇನ್ನ ನಾನೂ ಇಲ್ಲೇ ಇರ್ತೇನಿ, ಈ ಖೋಲ್ಯಾಗ. ಕೂಸು ಹ್ಯಾಂಗೂ ತನ್ನವ್ವನ್ನ ಬಿಟ್ಟು ಮಲಗೂದಿಲ್ಲ."

ಬೇರೆ ಅಳಿಯನಾಗಿದ್ದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದ. ಕಾಶಪ್ಪ ಮುಂದೆ ಬಂದು ನಿಂತ.

"ಈ ಖೋಲಿ ನೀಲಾಂದ್ರಿ ಅತ್ತಿ. ಖರೇನ ಹೇಳ್ತೇನಿ ಕೇಳ್ರಿ. ಈ ಮಂಚ ಕಾಳಪ್ಪಂದು, ಪಡದಾ ಬಾನುಬಿ ಚಾಚೀದು. ನಾಳೆ ಮುಂಜಾನೆ ಎರಡೂ ಒಯ್ತಾರ."

ಓಣಿಯ ಮರ್ಯಾದೆ ಹೋಯಿತೆಂದು ಕಾಳಪ್ಪ ಹಣೆ ಹಿಡಿದುಕೊಂಡ. ಶಿವಬಸವ್ವ ಕೂತಲ್ಲಿಂದ ಅಲುಗಲಿಲ್ಲ.

"ಒಯ್ಯಲಿ ಬಿಡ್ರಿ. ಮಂಚ, ಪಡದಾ ನಮ್ಮಲ್ಲೇನು ಕಡಿಮಿ ಅದಾವ? ನಾಳೆ ಹುನಗುಂದಕ್ಕ ಹೋಗಿ ನೀವ ತರ್ರಿ. ಗ್ವಾಡಿ ಅಂತೂ ಯಾರಿಗೂ ಒಯ್ಯಾಕ ಬರಂಗಿಲ್ಲಲ್ಲ?"