ನೆಟ್ಟಿಗೇರಿದ ಬೆಳಚು

ಕಾರವಾರದಲ್ಲಿ ಕಡಲಜೀವಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ, ನಾವು ಪ್ರಯೋಗಾಲಯದಲ್ಲಿ ಪಿಸುಗುಟ್ಟಿದ್ದು ಪೇಟೆಯಲ್ಲಿ ಡಂಗುರವಾಗದ ವಾರವೇ ಇರಲಿಲ್ಲ. ಸೈಬರ್ ಕೆಫೆಗಳ ಕಾಲ. ನೆಟ್ಟಿನಲ್ಲಿ ಕಾರವಾರ–ಅಂಕೋಲೆಯವರದೊಂದು ಗುಂಪಿತ್ತು. ಪುಣೆ, ಮಸ್ಕತ್, ಎಲ್ಲಿದ್ದರೂ ಊರ ಮೀನಿನ ನೆನಪಾದವರು ಅಲ್ಲಿ ಬಂದು ಹರಟುತ್ತಿದ್ದರು. ನಾನೂ ಸೇರಿದೆ, ಎಡವಟ್ಟುಗಳೂ ಶುರುವಾದವು.

೧. ಬೆಳಚು ಮುಗಿದ ದಿನ

ನನ್ನ ವಿಷಯ ಬೆಳಚು. ಕಾಳಿ ನದಿಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ; ತೆಂಗಿನತುರಿ ಹಾಕಿ ಮಾಡುವ ಅದರ ಒಣಪಲ್ಯ, ಸುಕ್ಕೆ, ಎಂದರೆ ನಮ್ಮವರು ಪ್ರಾಣ ಬಿಡುತ್ತಾರೆ. ನೀರು ಇಳಿದಾಗ ಸದಾಶಿವಗಡದ ಬದಿಗೆ ಹೋಗಿ ಕಬ್ಬಿಣದ ಚೌಕಟ್ಟು ಎಸೆದು, ಅದರೊಳಗಿನ ಕೆಸರು ಬಗೆದು ಎಣಿಸಬೇಕು. ಮೂರು ದಿನ ಎಸೆದೆ, ಮೂರೂ ದಿನ ಸೊನ್ನೆ. 'ಕಾಳಿಯಲ್ಲಿ ಬೆಳಚು ಮುಗಿಯಿತೇ?' ಎಂದು ಗುಂಪಿನಲ್ಲಿ ಬರೆದೆ. ಬೆಳಗಾಗುವುದರೊಳಗೆ ಸಂತಾಪಗಳ ರಾಶಿ.

ನಾಲ್ಕನೇ ದಿನ ಪಕ್ಕದಲ್ಲೇ ಬೆಳಚು ಹೆಕ್ಕುತ್ತಿದ್ದ ಅಕ್ಕನೊಬ್ಬಳ ಹತ್ತಿರ ದುಃಖ ತೋಡಿಕೊಂಡೆ. ಆಕೆ ಹಿಮ್ಮಡಿಯಲ್ಲಿ ಕೆಸರು ತಡವುತ್ತಾ, ಬಗ್ಗಿ ಬಗ್ಗಿ ಬುಟ್ಟಿ ತುಂಬುತ್ತಿದ್ದಳು. ನಾನು ಬೆರಗಾಗಿ ನೋಡುತ್ತಿದ್ದೆ.

"ತಂಗೀ, ಸ್ವಲ್ಪ ಆಚೆ ಸರಿ. ನೀ ನಿಂತದ್ದೇ ಅದರ ಮೇಲೆ."

೨. ದೊಡ್ಡ ವಿಜ್ಞಾನಿ

ಇದನ್ನೂ ಪ್ರಾಮಾಣಿಕವಾಗಿ ಗುಂಪಿನಲ್ಲಿ ಬರೆದೆ. ಎಲ್ಲರೂ ನಕ್ಕರು. ಮಸ್ಕತ್ತಿನವರೊಬ್ಬರು ಮಾತ್ರ ಕೇಳಿದರು: 'ಹೊಳೆ ನೀರು ಕೆಂಪಗಾದ ದಿನ ನಮ್ಮಜ್ಜಿ ಬೆಳಚು ತರುತ್ತಿರಲಿಲ್ಲ. ಯಾಕೆ?'

ನನ್ನ ಗೈಡ್ ಸರ್ ಅದನ್ನು ಎರಡೆರಡು ಸಲ ಓದಿದರು. "ಇಷ್ಟು ವರ್ಷ ಪಾಠ ಮಾಡಿದೆ, ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲವಲ್ಲ!" ಎಂದರು. ಅಜ್ಜಿಯ ಒಂದು ಅಭ್ಯಾಸ ಮರಳುಗಾಡಿನಿಂದ ನಮ್ಮ ಮೇಜಿಗೆ ಬಂದದ್ದು ನೋಡಿ ನನಗೆ ಮೈ ಜುಮ್ಮೆಂದಿತು. ನೀರನ್ನು ಕೆಂಪಾಗಿಸುವ ಪಾಚಿಯಲ್ಲಿ ಕೆಲವು ವಿಷದವು; ಅದನ್ನು ತಿಂದ ಬೆಳಚಿಗೂ ವಿಷ ಏರಬಹುದು. ಆಗ ನೀರು ತಿಳಿಯಾಗಿಯೇ ಇತ್ತು. ಆದರೂ ಅದೇ ವಾರ ಬೆಳಚಿನ ಪರೀಕ್ಷೆ ಶುರುಮಾಡಿದೆವು. ಬಾಯಿ ಬಿಗಿಹಿಡಿಯಲಾರದೆ ಅದನ್ನೂ ಗುಂಪಿನಲ್ಲಿ ಹಾಕಿದೆ.

ಎರಡೇ ದಿನಕ್ಕೆ ನೆರೆಮನೆಯ ಅಮ್ಮ ನನ್ನನ್ನು ಗೇಟಿನಲ್ಲೇ ತಡೆದರು. "ಬೆಳಚಲ್ಲಿ ವಿಷ ಉಂಟಂತೆ. ನೆಟ್ಟಲ್ಲಿ ಯಾರೋ ದೊಡ್ಡ ವಿಜ್ಞಾನಿ ಬರ್ದಿದ್ರಂತೆ. ನಿಂಗೆ ಗೊತ್ತೇ ಇಲ್ವ? ಮತ್ತೆ ನೀ ದಿನಾ ಹೋಗಿ ಓದೂದೆಂತದು?"

೩. ಸಹಿ

ಪರೀಕ್ಷೆಯ ವರದಿ ಬಂತು: ಬೆಳಚಿನಲ್ಲಿ ದೋಷವೇನೂ ಇಲ್ಲ. ಪೂರ್ತಿ ವರದಿಯನ್ನು ಗುಂಪಿಗೆ ಹಾಕಿದೆ. ಬಂದದ್ದು ಒಂದೇ ಉತ್ತರ: 'ಮೊದಲು ವಿಜ್ಞಾನಿಗಳು ತಿಂದು ತೋರಿಸಲಿ.'

ಮರುದಿನ ಆ ಅಕ್ಕ ತುಂಬಿದ ಬುಟ್ಟಿಯ ಸಮೇತ ವಿಭಾಗಕ್ಕೇ ಬಂದಳು. ಮುಖದಲ್ಲಿ ನಗು ಇರಲಿಲ್ಲ. ನೇರ ಸರ್ ಎದುರಿಗೆ ಹೋಗಿ ನಿಂತಳು.

"ಮಾಸ್ತರ್ರೇ, ನಾಲ್ಕು ದಿವ್ಸ ಆಯ್ತು, ಒಬ್ರೂ ಬೆಳಚು ಮುಟ್ಟೂದಿಲ್ಲ. ನಮ್ಮನೆ ಒಲೆ ಉರಿಯೂದು ಇದ್ರಿಂದ್ಲೇ. ನೀವು ತಿನ್ನಿ, ತಂಗಿ ಫೋಟೊ ಹೊಡೀಲಿ." ಸುಕ್ಕೆಯ ಡಬ್ಬಿ ಬಿಚ್ಚಿ ಮುಂದಿಟ್ಟಳು.

ಸರ್ ಹುಟ್ಟಾ ಸಸ್ಯಾಹಾರಿ. ಸಾವಿರಾರು ಬೆಳಚು ಸೀಳಿದವರು, ಒಂದರ ರುಚಿಯೂ ಕಂಡವರಲ್ಲ. ತಪ್ಪು ನನ್ನದು. "ಅಕ್ಕಾ, ನಾ ತಿಂತೆ" ಎಂದೆ.

"ನೀ ದಿನಾ ತಿಂತೆ. ನಿನ್ನ ಮಾತು ಯಾರು ಕೇಳ್ತ್ರು?"

ಸರ್ ಆಕೆಯ ಮುಖ ನೋಡಿದರು, ವರದಿ ನೋಡಿದರು. "ಸಹಿ ಹಾಕಿದವನು ನಾನು. ನಾನೇ ನಂಬದಿದ್ದರೆ ಅವರು ಹೇಗೆ ನಂಬಬೇಕು?" ಎಂದು ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗಿಟ್ಟರು. ನಾನು ಫೋಟೊ ಹೊಡೆದು ಆ ಸಂಜೆಯೇ ಗುಂಪಿಗೆ ಹಾಕಿದೆ. ಇಂಥ ಧೈರ್ಯ ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ವರದಿಗೆ ಆಗದ್ದು ಆ ಫೋಟೊದಿಂದ ಆಯಿತು. ಮರುದಿನ ಎಂಟು ಗಂಟೆಯೊಳಗೆ ಅಕ್ಕನ ಬುಟ್ಟಿ ಖಾಲಿ.

ಖುಷಿಗೆ ಆಕೆ ಇನ್ನೊಂದು ಡಬ್ಬಿ ಸುಕ್ಕೆ ತಂದಳು. ಸರ್‌ಗೆ ಮತ್ತೆ ಮುಜುಗರ ಬೇಡವೆಂದು ನಾನೇ ಓಡಿಹೋಗಿ ಕೈಚಾಚಿದೆ. ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಸರ್ ಅಂದರು:

"ಅದನ್ನು ಇಲ್ಲಿಡಿ. ಒಂದೇ ಸ್ಯಾಂಪಲ್ ನೋಡಿ ತೀರ್ಮಾನಕ್ಕೆ ಬರಬಾರದು."