ಎಲೆಯ ಕೂದಲಿನ ಸಾಕ್ಷಿ

ಕೆಂಚನ ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಸೊಪ್ಪಿನ ಚೂರೊಂದು ಸಿಕ್ಕಿಕೊಂಡಿತ್ತು. ಬೆಳಗಿನ ಹಾಜರಿಯಲ್ಲಿ ಬಾಯಿ ಬಿಟ್ಟು "ಇವ್ನಿ ಬುದ್ಧೀ" ಎಂದದ್ದೇ ತಪ್ಪಾಯಿತು. ಹಿಂದಿನ ದಿನವಷ್ಟೇ ಬಂಗಲೆಯ ಹಿತ್ತಲಲ್ಲಿ ಸಾಸಿವೆ ಪಾತಿ ಬೋಳಾಗಿತ್ತು.

"ಹಲ್ಲು ತೋರ್ಸೋ" ಎಂದ ಹಾಜರಿ ಬರೆಯುವ ಎಸ್ಟೇಟ್ ರೈಟರ್ ಪುಟ್ಟಸ್ವಾಮಿ, ಸಂತೆಯಲ್ಲಿ ದನದ ವಯಸ್ಸು ನೋಡುವವನಂತೆ ಅವನ ಗದ್ದ ಹಿಡಿದು. "ಸಾಸಿವೆ ಸೊಪ್ಪು!"

"ಅಲ್ಲ ಬುದ್ಧೀ, ಕೆರೆ ಏರಿ ಮ್ಯಾಲಿನ ಕಾಡುಸೊಪ್ಪು. ಪಕ್ಕದ ಮನೆ ಸುಬ್ಬಿನೂ ಉಂಡವ್ಳೆ, ಕೇಳಿ."

"ನಾನು ಬರೀ ಸಾರು ಹುಯ್ಕೊಂಡಿದ್ದು. ಸೊಪ್ಪು ಮುಟ್ಲಿಲ್ಲಪ್ಪ" ಎಂದು ಸುಬ್ಬಿ ಎರಡು ಹೆಜ್ಜೆ ಹಿಂದೆ ಸರಿದಳು.

ಕಳ್ಳನಿಗೆ ಅಲ್ಲಿ ಒಂದೇ ಶಿಕ್ಷೆ. ಕತ್ತಲಾಗುವುದರೊಳಗೆ ಕೂಲಿಯವರ ಸಾಲಿನ ಲೈನ್ ಮನೆ ಖಾಲಿ ಮಾಡಬೇಕು. ಕೆಂಚನ ಅಪ್ಪ ಕಾಡು ಕಡಿದು, ಕಲ್ಲು ಹೊತ್ತು ಕಟ್ಟಿದ ಲೈನು ಅದು. ಅದರಾಚೆ ತನ್ನದೆನ್ನಲು ಕೆಂಚನಿಗೆ ಒಂದು ಒಲೆಗುಂಡೂ ಇರಲಿಲ್ಲ.

ಪುಟ್ಟಸ್ವಾಮಿ ಅವನನ್ನು ಬಂಗಲೆಯ ಅಂಗಳಕ್ಕೆ ಎಳೆದೊಯ್ದ. ಜಗಲಿಯಲ್ಲಿ ಎಸ್ಟೇಟಿನ ಸಾಹುಕಾರ್ ಮೊಣ್ಣಪ್ಪನವರ ಪಕ್ಕ ಅವರ ತಂಗಿಯ ಮಗಳು ನೀಲಾವತಿ ಕೂತಿದ್ದಳು. ಸಾಸಿವೆ ಜಾತಿಯ ಗಿಡಗಳ ಎಲೆಯ ಮೇಲಿನ ರೋಮವನ್ನು ಅಭ್ಯಾಸ ಮಾಡಲು ಮೈಸೂರಿನ ಕಾಲೇಜಿನಿಂದ ಸೂಕ್ಷ್ಮದರ್ಶಕ ತಂದವಳು. ಕೆಂಚನ ಹೆಂಡತಿ ಮುತ್ತಿ, ಮನೆಯಲ್ಲಿ ಮಿಕ್ಕಿದ್ದ ಹಸಿ ಎಲೆಯೊಂದನ್ನು ಓಡೋಡಿ ತಂದು ಅವಳ ಮುಂದಿಟ್ಟಳು.

ನೀಲಾವತಿ ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಮಾವ, ಇದು ನಮ್ಮ ಸಾಸಿವೆ ಅಲ್ಲ. ಅದರ ರೋಮ ಒಂದೇ ಎಳೆ, ಮುಳ್ಳಿನ ಹಾಗೆ. ಇದರದ್ದು ನಕ್ಷತ್ರದ ಹಾಗೆ ಕವಲೊಡೆದಿದೆ."

"ಹಂಗಾದ್ರೆ ಪಾತಿ ಕಿತ್ತೋರ್ಯಾರು?" ಎಂದರು ಸಾಹುಕಾರರು.

"ನಾನೇ. ರೋಮ ನೋಡೋಕೆ ಬೇಕಿತ್ತು."

ಮೊಣ್ಣಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ಕಿತ್ತ ಕೈ ಬದಲಾದದ್ದೇ ತಡ, ಕಳ್ಳತನ ವಿದ್ಯೆಯಾಯಿತು.

ಮುತ್ತಿ ಸೆರಗು ಬಿಗಿದು ಖುಷಿಯಿಂದ ಲೈನಿನ ಕಡೆ ಓಡಿದಳು, ಹಿಂದೆಯೇ ಸುಬ್ಬಿ. ಕೆಂಚ ಕೈಮುಗಿದು ತಿರುಗುವಷ್ಟರಲ್ಲಿ ನೀಲಾವತಿ ತಡೆದಳು.

"ನಿಲ್ಲಪ್ಪ! ಈ ಗಿಡ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಬೇರು ಸಮೇತ ಬೇಕು. ಏರಿ ಮೇಲೆ ಇನ್ನೂ ಇದೆಯಾ?"

"ಹತ್ತಿಪ್ಪತ್ತು ಅದೆ ಅಮ್ಮಾರೆ. ನಮ್ಮಪ್ಪನ ಕಾಲದಿಂದ್ಲೂ ಉಣ್ತಿದ್ದೀವಿ."

"ಏರಿ ಯಾರದ್ದೋ?" ಮೊಣ್ಣಪ್ಪನವರ ನಗು ನಿಂತಿತ್ತು. "ಎಸ್ಟೇಟಿಂದು. ಇವತ್ತಿಂದ ನೀನೇ ಕಾವಲು. ಒಂದು ಗಿಡ ಕಮ್ಮಿಯಾದ್ರೂ ಲೈನ್ ಖಾಲಿ ಮಾಡು."

ಪುಟ್ಟಸ್ವಾಮಿ ಅವನ ಕೈಗೆ ಕತ್ತಿ ಕೊಟ್ಟು ಬೇಲಿಗೆ ಮುಳ್ಳು ಕಡಿಸಿದ. ಮಧ್ಯಾಹ್ನ ಕೆಂಚ ಮುಳ್ಳಿನ ಹೊರೆ ಹೊತ್ತು ಏರಿ ಹತ್ತಿದ. ಏರಿ ಬೋಳಿಸಿದ ತಲೆಯಂತಿತ್ತು. ಲೈನಿನ ಕಡೆಯಿಂದ ಒಗ್ಗರಣೆಯ ವಾಸನೆ ಬಂತು.

"ಬನ್ನಿ, ಬನ್ನಿ!" ಮುತ್ತಿ ತಟ್ಟೆ ಹಿಡಿದು ಎದುರಾದಳು. "ಕಳ್ಳ ಅಲ್ಲ ಅಂತ ಆಯ್ತಲ್ಲ! ಏರಿ ಮ್ಯಾಲಿಂದು ಅಷ್ಟೂ ಬೇರು ಸಮೇತ ಕಿತ್ತು ಇಡೀ ಲೈನಿಗೇ ಸಾರು ಮಾಡಿವ್ನಿ."

ಕೆಂಚನ ತಲೆಯಿಂದ ಹೊರೆ ಜಾರಿತು. ಕೆಳಗೆ ನೀಲಾವತಿ ಗಾಜಿನ ಸೀಸೆ ಹಿಡಿದು ಬರುತ್ತಿದ್ದಳು, ಹಿಂದೆ ಪುಟ್ಟಸ್ವಾಮಿ.

"ಈ ಸಲ ನಾನೂ ಸೊಪ್ಪೇ ಹಾಕ್ಸ್ಕೊಂಡೆ ಕಣಣ್ಣ" ಎಂದು ಸುಬ್ಬಿ ಬಾಯ್ತುಂಬ ನಕ್ಕಳು. ಅವಳ ಹಲ್ಲುಸಂದಿಯಲ್ಲಿ ಹಸಿರು ಚೂರೊಂದು ಹೊಳೆಯುತ್ತಿತ್ತು.